ಚುರುಮುರಿ ಗಾಡಿ ಹತ್ತಿದ ನರಿ

ಕಳೆದ ತಿಂಗಳು ನಮ್ಮ ಫಿಸಿಕ್ಸ್ ಮೇಷ್ಟ್ರು ತೀರಿಕೊಂಡರು. ಹುಡುಗರ ಬಾಯಲ್ಲಿ ಅವರು ‘ಡಿಟ್-ಡಾ ಮೇಷ್ಟ್ರು’; ಡಿಟ್, ಡಾ ಅಂದರೆ ಅಕ್ಷರಗಳನ್ನು ಸದ್ದಿನಲ್ಲಿ ಕಳಿಸುವ ಮೋರ್ಸ್ ಸಂಕೇತದ ಗಿಡ್ಡ, ಉದ್ದ ಸದ್ದು. ಓಮ್ ನಿಯಮ ಹೇಗೆ ಪಾಠ ಮಾಡಿದರೋ ಒಂದಕ್ಷರ ನೆನಪಿಲ್ಲ. ಲೈಸೆನ್ಸ್ ಪಡೆದು ಹವ್ಯಾಸಕ್ಕಾಗಿ ರೇಡಿಯೋದಲ್ಲಿ ಮಾತಾಡುವ ಹ್ಯಾಮ್ ರೇಡಿಯೋದ ಶನಿವಾರದ ಕ್ಲಬ್ ಮಾತ್ರ ಕಣ್ಣಿಗೆ ಕಟ್ಟಿದಂತಿದೆ.

ಲ್ಯಾಬ್ ಹಿಂದಿನ ಎರಡು ತೆಂಗಿನ ಮರಗಳ ನಡುವೆ ಪಂಚೆ ಎತ್ತಿ ಕಟ್ಟಿಕೊಂಡು ಅವರೇ ಡೈಪೋಲ್ ಅನ್ನೋ ತಂತಿಯ ಆಂಟೆನಾ ಎಳೆದಿದ್ದರು. ನಲವತ್ತು ಮೀಟರ್ ಉದ್ದದ ಅಲೆಗಳ ಬ್ಯಾಂಡಿಗೆ ಅದರರ್ಧ, ಸುಮಾರು 20 ಮೀಟರ್ ತಂತಿ. ಕತ್ತಲಾದರೆ ಅದರಲ್ಲೇ ಹೊರದೇಶದವರೂ ಕೇಳಿಸುತ್ತಿದ್ದರು. ನಾವು ಮೈಕ್ ಕಡೆ ಕೈ ಚಾಚಿದರೆ ಬೈಗುಳ: “ಮೊದಲು ಕೇಳ್ರೋ, ಆಮೇಲೆ ಮಾತಾಡಿ!” ಯಾರಾದರೂ ಬೇಸರ ಮಾಡಿಕೊಂಡರೆ ಮೈಸೂರಿನ ಒಂಟಿಕೊಪ್ಪಲಿನ ಕತೆ ತೆಗೆಯುತ್ತಿದ್ದರು. ಮಹಾರಾಜ ಕಾಲೇಜಿನ ಎಂ.ವಿ. ಗೋಪಾಲಸ್ವಾಮಿ 1935ರಲ್ಲಿ ಅಲ್ಲಿನ ತಮ್ಮ ಮನೆಯಿಂದಲೇ ರೇಡಿಯೋ ನಿಲಯ ನಡೆಸಿದರು, ‘ಆಕಾಶವಾಣಿ’ ಅನ್ನೋ ಹೆಸರೂ ಅಲ್ಲಿಯದೇ. “ಅವರು ಮನಶ್ಶಾಸ್ತ್ರದ ಮೇಷ್ಟ್ರು ಕಣ್ರೋ, ನಿಮಗೇನು ಧಾಡಿ?”

ಕುಕ್ಕರಹಳ್ಳಿ ಕೆರೆ ಏರಿಯ ಮೇಲೆ ‘ನರಿ ಬೇಟೆ’ ಅನ್ನೋ ರೇಡಿಯೋ ಹುಡುಕುವ ಆಟ ನಡೆಯುತ್ತಿತ್ತು. ಟಿಫಿನ್ ಡಬ್ಬಿಯಲ್ಲಿ ಪುಟ್ಟ ಟ್ರಾನ್ಸ್‌ಮಿಟರ್ ಇಟ್ಟು ಮೇಷ್ಟ್ರು ಪೊದೆಯಲ್ಲಿ ಬಚ್ಚಿಡುವುದು. ನಾವು ಮರದ ಚೌಕಟ್ಟಿಗೆ ತಂತಿ ಸುತ್ತಿದ ಲೂಪ್ ಹಿಡಿದು ಹುಡುಕುವುದು. ಲೂಪ್ ನೇರ ನರಿಗೆ ಮುಖ ಮಾಡಿದಾಗಲೇ ಸದ್ದು ಕುಗ್ಗುವುದು; ಹಾಗಾಗಿ ಅದನ್ನು ತಿರುಗಿಸುತ್ತಾ ಸದ್ದು ಸಣ್ಣಗಾದ ದಿಕ್ಕಿಗೆ ನಕ್ಷೆಯಲ್ಲಿ ಗೆರೆ ಎಳೆಯಬೇಕು. ಎರಡು ಜಾಗದಿಂದ ಎಳೆದ ಗೆರೆ ಸೇರಿದಲ್ಲಿ ನರಿ. ಒಂದು ಸಲ ನಾನೂ ಗೆಳೆಯನೊಬ್ಬನೂ ಮೊದಲೇ ಡಬ್ಬಿ ಪತ್ತೆ ಮಾಡಿ, ಚುರುಮುರಿ ಗಾಡಿಯ ಕೆಳಗೆ ಕಟ್ಟಿಬಿಟ್ಟೆವು. ಗಾಡಿ ಹೊರಟಿತು. ಗೆರೆಗಳು ಸೇರಲೇ ಇಲ್ಲ! ಲೂಪ್ ಹೊತ್ತ ಇಡೀ ತಂಡ ಗಾಡಿ ಹಿಂದೆ ಗೇಟಿನವರೆಗೂ ಬಂತು. ಗಾಡಿಯವನಿಗೆ ಭರ್ಜರಿ ವ್ಯಾಪಾರ ಬಂತೆಂಬ ಖುಷಿ. ಮೇಷ್ಟ್ರು ನಕ್ಕರು, ಆಮೇಲೆ ಎಲ್ಲರ ಚುರುಮುರಿ ದುಡ್ಡೂ ನಮ್ಮಿಬ್ಬರ ಜೇಬಿನಿಂದಲೇ ಕೀಳಿಸಿದರು.

ಲೈಸೆನ್ಸಿನ ಮೋರ್ಸ್ ಪರೀಕ್ಷೆಯನ್ನು ನಮ್ಮ ಬ್ಯಾಚಿನಲ್ಲಿ ಮೊದಲು ಪಾಸು ಮಾಡಿದವನು ನಾನೇ. ಇದನ್ನು ಹೇಳದೆ ಹೋದರೆ ಮೇಷ್ಟ್ರಿಗೇ ಬೇಜಾರಾಗುತ್ತಿತ್ತು. ಇಂದಿಗೂ ನನ್ನ ಕೀಯಿಂಗ್, ಅಂದರೆ ಮೋರ್ಸ್ ಕೀ ಒತ್ತುವ ಕೈ, ಚೊಕ್ಕವಾಗಿದೆ ಅಂತ ಹಳಬರು ಹೊಗಳುತ್ತಾರೆ.

ಮೊನ್ನೆ ಶಾಲೆಗೆ ಹೋಗಿದ್ದೆ. ಕ್ಲಬ್ಬಿನ ಕೋಣೆಗೆ ರೊಬೊಟಿಕ್ಸ್ ಲ್ಯಾಬ್ ಅಂತ ಬೋರ್ಡು, ಬಾಗಿಲಿಗೆ ಬೀಗ. ಯಾರಾದರೂ ನೋಡಲು ಬಂದಾಗ ಮಾತ್ರ ತೆರೆಯುತ್ತಾರಂತೆ. ಕೈ ಸುಟ್ಟುಕೊಳ್ಳದೆ ಸೋಲ್ಡರಿಂಗ್ ಕಲಿಯೋಕಾಗುತ್ತಾ ಹೇಳಿ? ಬೀಗದ ಕೈ ಕೊಟ್ಟರೆ ಶನಿವಾರಗಳಲ್ಲಿ ನಾನೇ ಬಂದು ಕಲಿಸುತ್ತೇನೆ. ತಂತಿ ನಂದು, ಸೋಲ್ಡರಿಂಗ್ ಐರನ್ನೂ ನಂದೇ.