“ಓದ್ಸಿದ್ರೆ ನಮ್ ಐಕ್ಳು ಮೇಲಕ್ಕೆ ಬತ್ತವಾ?”

ಪ್ರತಿ ವರ್ಷ ಅಡ್ಮಿಷನ್ ಶುರುವಾದಾಗ ಈ ಪ್ರಶ್ನೆ ಬಂದೇ ಬರುತ್ತದೆ. ನಾನು ಮಂಡ್ಯದ ಒಂದು ಪಿಯು ಕಾಲೇಜಿನಲ್ಲಿ ಅರ್ಥಶಾಸ್ತ್ರ ಪಾಠ ಮಾಡುತ್ತೇನೆ. ಅರ್ಜಿ ತುಂಬಿಸಿಕೊಳ್ಳುವ ಟೇಬಲ್ಲಿನಲ್ಲಿ ಕೂತಿರುತ್ತೇನೆ. ಅಪ್ಪಂದಿರು ಬರುತ್ತಾರೆ, ಪಕ್ಕದಲ್ಲಿ ಮಾರ್ಕ್ಸ್ ಕಾರ್ಡ್ ಹಿಡಿದ ಮಗನೋ ಮಗಳೋ. ಎಲ್ಲ ಮುಗಿದು ಎದ್ದು ಹೋಗುವ ಮುಂಚೆ ದನಿ ತಗ್ಗಿಸಿ ಕೇಳುತ್ತಾರೆ: “ಓದ್ಸಿದ್ರೆ ನಮ್ ಐಕ್ಳು ಮೇಲಕ್ಕೆ ಬತ್ತವಾ ಮೇಡಮ್ಮೋರೆ?”

ಈ ಸಲ ಹೀಗೆ ಕೇಳಿದ ಒಬ್ಬರ ಕೈ ನನ್ನ ಕಣ್ಣಿಗೆ ಕಟ್ಟಿದೆ. ಕಬ್ಬು ಕಡಿಯುವವರು. ಸೋಗೆ ತಾಗಿ ಮೊಣಕೈವರೆಗೂ ಸಣ್ಣ ಸಣ್ಣ ಗೀರು. ಮಚ್ಚು ಹಿಡಿದು ಹಿಡಿದು ಜಡ್ಡುಗಟ್ಟಿದ ಅಂಗೈ. ಫೀಸಿನ ದುಡ್ಡನ್ನು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ, ಮೇಲೊಂದು ರಬ್ಬರ್ ಬ್ಯಾಂಡ್ ಹಾಕಿ ತಂದಿದ್ದರು. ಎರಡು ಸಲ ಎಣಿಸಿ ಕೊಟ್ಟರು.

“ಬರ್ತಾರೆ ಅಣ್ಣ, ಓದ್ಸಿ” ಅಂದೆ. ಸುಳ್ಳೇನೂ ಹೇಳಲಿಲ್ಲ. ಆದರೆ ಹಿಂದೆ ಸಾಲು ನಿಂತಿರುವಾಗ ಪೂರ್ತಿ ಉತ್ತರ ಹೇಳೋಕೆ ಆಗಲ್ಲ. ಅದನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೊದಲು, ಈ ‘ಮೇಲೆ’ ಎಷ್ಟು ಮೇಲಿದೆ ನೋಡೋಣ. ಇಡೀ ಜಗತ್ತಿನ ವರ್ಷದ ಆದಾಯವನ್ನು ನೂರು ರೂಪಾಯಿ ಅಂತ ಇಟ್ಟುಕೊಳ್ಳಿ. ಹಂಚಿಕೊಳ್ಳೋಕೆ ಹತ್ತು ಜನ. 2022ರ ಜಾಗತಿಕ ಅಸಮಾನತೆ ವರದಿಯ ಲೆಕ್ಕದ ಪ್ರಕಾರ ಅದರಲ್ಲಿ 52 ರೂಪಾಯಿ ಒಬ್ಬನಿಗೇ ಹೋಗುತ್ತದೆ. ಕೆಳಗಿನ ಐದು ಜನಕ್ಕೆ ಸೇರಿ ಸಿಗೋದು ಎಂಟೂವರೆ ರೂಪಾಯಿ. ಅದೇ ವರದಿಯಲ್ಲಿ ನಮ್ಮ ದೇಶದ ಲೆಕ್ಕವೂ ಇದೆ: ಮೇಲಿನವನೊಬ್ಬನಿಗೆ 57, ಕೆಳಗಿನ ಐವರಿಗೆ ಸೇರಿ 13. ಇದು ಬರೀ ಆದಾಯ. ಆಸ್ತಿಗೆ ಬಂದರೆ ಜಗತ್ತಿನ ಅರ್ಧ ಜನರ ಪಾಲು ನೂರಕ್ಕೆ ಎರಡೇ ರೂಪಾಯಿ.

ಒಳ್ಳೆಯದೂ ಆಗಿದೆ. 1990ರಲ್ಲಿ ಜಗತ್ತಿನ ಮೂರರಲ್ಲಿ ಒಂದು ಪಾಲಿಗಿಂತ ಜಾಸ್ತಿ ಜನ ಕಡುಬಡತನದಲ್ಲಿದ್ದರು. 2019ರ ಹೊತ್ತಿಗೆ ಅದು ಸುಮಾರು ಹತ್ತರಲ್ಲಿ ಒಂದಕ್ಕಿಳಿಯಿತು. ಚೀನಾ, ಭಾರತದಂಥ ದೇಶಗಳು ಬೆಳೆದಿದ್ದರಿಂದ ದೇಶ ದೇಶಗಳ ನಡುವಿನ ಅಂತರವೂ ಇಳಿದಿದೆ. ಆದರೆ ಈ ಎರಡೂ ದೇಶಗಳ ಒಳಗೆ ಅಂತರ ಏರಿದೆ. ಹಸಿವಿನಿಂದ ಪಾರಾಗೋದು ಬೇರೆ, ಮೇಲೆ ಬರೋದು ಬೇರೆ. ಆ ಅಪ್ಪ ಕೇಳಿದ್ದು ಎರಡನೆಯದನ್ನು.

ಅದಕ್ಕೂ ಒಂದು ಲೆಕ್ಕವಿದೆ. ಶ್ರೀಮಂತ ದೇಶಗಳೇ ಜಾಸ್ತಿ ಇರುವ ಒಇಸಿಡಿ ಅನ್ನುವ ಒಕ್ಕೂಟ 2018ರಲ್ಲಿ ಒಂದು ವರದಿ ತಂದಿತು. ತೀರಾ ಕೆಳಗಿನ ಹತ್ತು ಪರ್ಸೆಂಟಿನ ಮನೆಯೊಂದು ಆ ದೇಶದ ಸರಾಸರಿ ಆದಾಯ ಮುಟ್ಟೋಕೆ ಎಷ್ಟು ತಲೆಮಾರು ಬೇಕು ಅನ್ನೋದು ಪ್ರಶ್ನೆ. ಡೆನ್ಮಾರ್ಕಿನಲ್ಲಿ ಎರಡು. ಆ ಒಕ್ಕೂಟದ ಸರಾಸರಿ ನಾಲ್ಕೂವರೆ. ಭಾರತದಲ್ಲಿ ಏಳು. ಕೊಲಂಬಿಯಾದಲ್ಲಿ ಹನ್ನೊಂದು. ತಲೆಮಾರಿಗೆ ಮೂವತ್ತು ವರ್ಷ ಹಿಡಿದರೂ ಏಳು ತಲೆಮಾರು ಅಂದರೆ ಇನ್ನೂರು ವರ್ಷದ ಮೇಲಾಯಿತು.

ಇದನ್ನು ಮೊದಲ ಸಲ ಓದಿದಾಗ ನನಗೆ ನನ್ನ ಮನೆಯೇ ನೆನಪಾಯಿತು. ನಮ್ಮ ಮನೆಗೆ ಏಳು ತಲೆಮಾರು ಬೇಕಾಗಲಿಲ್ಲ. ಮೂರು ಸಾಕಾಯಿತು.

ತಾತನಿಗೆ ಇದ್ದದ್ದು ಮೂರು ಎಕರೆ ಹೊಲ. ಮಳೆ ಬಂದರೆ ರಾಗಿ, ಹುರುಳಿ. ಬರದಿದ್ದರೆ ಅದೂ ಇಲ್ಲ. 1911ರಲ್ಲಿ ಶುರುವಾದ ಕನ್ನಂಬಾಡಿ ಕಟ್ಟೆ ಮೂವತ್ತರ ದಶಕದಲ್ಲಿ ಮುಗಿಯಿತು. ನಾಲೆಗೆ ನೀರು ಬಂತು. ಈಗ ವಿ.ಸಿ. ನಾಲೆ ಅನ್ನುವ ಅದೇ ನಾಲೆ, ಆಗ ಇರ್ವಿನ್ ನಾಲೆ. ಮಂಡ್ಯದಲ್ಲಿ ಸಕ್ಕರೆ ಕಾರ್ಖಾನೆ ಶುರುವಾಗಿದ್ದು 1933ರಲ್ಲಿ. ರಾಗಿ ಬೆಳೆಯುತ್ತಿದ್ದ ಹೊಲ ಗದ್ದೆಯಾಯಿತು. ಭತ್ತ ಬಂತು, ಕಬ್ಬು ಬಂತು. ಆ ಕಬ್ಬಿನ ದುಡ್ಡಿನಲ್ಲೇ ನಮ್ಮಪ್ಪ ಮೈಸೂರಿಗೆ ಹೋಗಿ ಬಿ.ಎಸ್‌ಸಿ. ಓದಿದರು, ಮೇಷ್ಟ್ರಾದರು. ಮೇಷ್ಟ್ರ ಮಗಳು ನಾನು ಎಂ.ಎ. ಮಾಡಿದೆ. ನಮ್ಮ ತಾತ ಆ ಕಟ್ಟೆಗೆ ಒಂದು ಕಲ್ಲು ಎತ್ತಿಟ್ಟವರಲ್ಲ. ನಾಲೆ ನಮ್ಮ ಹೊಲದ ಪಕ್ಕ ಹಾದುಹೋಯಿತು, ಅಷ್ಟೇ. ಅವರು ದುಡಿದರು, ನಿಜ. ಆದರೆ ನಾಲೆ ಬರುವ ಮುಂಚೆಯೂ ಅಷ್ಟೇ ದುಡಿಯುತ್ತಿದ್ದರಲ್ವಾ?

ನಮ್ಮ ಗದ್ದೆಯಲ್ಲಿ ತಾತನ ಕಾಲದಿಂದ ದುಡಿದ ಇನ್ನೊಂದು ಮನೆಯಿತ್ತು. ಊರಾಚೆಯ ಕೇರಿಯವರು. ಅವರಿಗೆ ತುಂಡು ಭೂಮಿಯೂ ಇರಲಿಲ್ಲ. ನೀರು ಬಂದಿದ್ದು ಭೂಮಿ ಇದ್ದವರಿಗೆ. ನಾಟಿ, ಕಳೆ, ಕಟಾವು ಅಂತ ಅವರಿಗೆ ಕೆಲಸ ಜಾಸ್ತಿಯಾಯಿತು. ಕೂಲಿ ಹೊಟ್ಟೆಗೆ ಸರಿಹೋಗುವಷ್ಟೇ ಉಳಿಯಿತು. 1974ರಲ್ಲಿ ದೇವರಾಜ ಅರಸರ ಸರ್ಕಾರ ಉಳುವವನೇ ಭೂಮಿ ಒಡೆಯ ಅಂದಿತು. ಎಷ್ಟೋ ಗೇಣಿದಾರರ ಬಾಳು ಬದಲಾಯಿತು. ಇವರು ಗೇಣಿದಾರರಲ್ಲ, ಕೂಲಿಯವರು. ಆ ಕಾನೂನು ಇವರ ಮನೆ ಬಾಗಿಲಿಗೆ ಬರಲಿಲ್ಲ.

ಆ ಮನೆಯ ಮರಿಮಗಳು ಸರ್ಕಾರಿ ಹಾಸ್ಟೆಲ್ಲಿನಲ್ಲಿದ್ದು ನರ್ಸಿಂಗ್ ಓದಿದಳು. ಈಗ ಕೆಲಸದಲ್ಲಿದ್ದಾಳೆ, ತಮ್ಮನನ್ನು ಓದಿಸುತ್ತಿದ್ದಾಳೆ. ನಮ್ಮ ಮನೆ ಮೇಲೆದ್ದಿದ್ದಕ್ಕೂ ಅವಳ ಮನೆ ಮೇಲೆದ್ದಿದ್ದಕ್ಕೂ ನಡುವೆ ಸುಮಾರು ಎಪ್ಪತ್ತು ವರ್ಷ. ಅವಳ ಮುತ್ತಾತ ನಮ್ಮ ತಾತನಿಗಿಂತ ಕಮ್ಮಿ ಕಷ್ಟಪಟ್ಟವರಲ್ಲ, ಜಾಸ್ತಿಯೇ ಪಟ್ಟವರು. ಅವರು ಕಾದಿದ್ದು ತಮ್ಮ ಪಾಲಿನ ನಾಲೆಗೆ. ಅದು ಬಂದಿದ್ದು ಹಾಸ್ಟೆಲ್ಲಿನ ರೂಪದಲ್ಲಿ. ಹಾಗಾಗಿ ಯಾರಾದರೂ ‘ಕಷ್ಟಪಟ್ಟವರು ಮೇಲೆ ಬಂದೇ ಬರ್ತಾರೆ’ ಅಂದರೆ ನನಗೆ ಒಪ್ಪೋಕೆ ಆಗಲ್ಲ. ಸಂಕಟವಾಗುತ್ತದೆ.

ನಾಲೆ ನೀರಿನ ಊರಿನವರಿಗೆ ಇನ್ನೊಂದು ವಿಷಯವನ್ನೂ ಬಿಡಿಸಿ ಹೇಳಬೇಕಿಲ್ಲ. ಮೇಲಿನ ತೂಬಿನವರು ಬೇಕಾದ ಹಾಗೆ ನೀರು ತಿರುಗಿಸಿಕೊಂಡರೆ ಕೊನೇ ಭಾಗದ ಗದ್ದೆ ಬಿರುಕು ಬಿಡುತ್ತದೆ. ಅಲ್ಲಿಯ ರೈತ ರಾತ್ರಿಯೆಲ್ಲ ಟಾರ್ಚ್ ಹಿಡಿದು ಬದುವಿನ ಮೇಲೆ ಕೂತರೂ ಅಷ್ಟೇ. ಕೆನಡಾದ ಅರ್ಥಶಾಸ್ತ್ರಜ್ಞ ಮೈಲ್ಸ್ ಕೋರಾಕ್ ದೇಶಗಳನ್ನು ಪಕ್ಕಪಕ್ಕ ಇಟ್ಟು ನೋಡಿದಾಗಲೂ ಇಂಥದ್ದೇ ಕಂಡಿತು. ಆದಾಯದ ಅಂತರ ಎಲ್ಲಿ ಜಾಸ್ತಿಯೋ ಅಲ್ಲಿ ಅಪ್ಪನ ಆದಾಯವೇ ಮಕ್ಕಳ ಹಣೆಬರಹವಾಗುವುದೂ ಜಾಸ್ತಿ. ಅಮೆರಿಕದಲ್ಲಿ 1940ರಲ್ಲಿ ಹುಟ್ಟಿದವರಲ್ಲಿ ನೂರಕ್ಕೆ ತೊಂಬತ್ತು ಜನ ಅಪ್ಪ ಅಮ್ಮನಿಗಿಂತ ಜಾಸ್ತಿ ದುಡಿದರು. 1980ರಲ್ಲಿ ಹುಟ್ಟಿದವರಲ್ಲಿ ಅದು ಐವತ್ತಕ್ಕಿಳಿಯಿತು. ಇದನ್ನು ಲೆಕ್ಕ ಹಾಕಿ ತೋರಿಸಿದ್ದು ದೆಹಲಿಯಲ್ಲಿ ಹುಟ್ಟಿದ ಅರ್ಥಶಾಸ್ತ್ರಜ್ಞ ರಾಜ್ ಚೆಟ್ಟಿ ಮತ್ತು ಅವರ ಜೊತೆಗಾರರು. ಅಷ್ಟು ದೊಡ್ಡ ದೇಶದ ಮಕ್ಕಳೆಲ್ಲ ಇದ್ದಕ್ಕಿದ್ದ ಹಾಗೆ ಸೋಮಾರಿಗಳಾದರಾ? ಇಲ್ಲ. ದೇಶದ ಸಂಪತ್ತು ಬೆಳೆಯಿತು, ಆದರೆ ಬೆಳೆದಿದ್ದು ಮೇಲಿನ ತೂಬಿನಲ್ಲೇ ತಿರುಗಿಹೋಯಿತು. ಡೆನ್ಮಾರ್ಕಿನಲ್ಲಿ ಕಾಲೇಜಿಗೆ ಫೀಸಿಲ್ಲ. ಓದುವವರಿಗೆ ಸರ್ಕಾರವೇ ತಿಂಗಳು ತಿಂಗಳು ಖರ್ಚಿಗೆ ದುಡ್ಡು ಕೊಡುತ್ತದೆ. ಅದಕ್ಕೆ ಜನ ಜಾಸ್ತಿ ತೆರಿಗೆ ಕಟ್ಟುತ್ತಾರೆ.

ಹೊರದೇಶಕ್ಕೆ ಹೋದರೆ ಹೇಗೆ ಅಂತಲೂ ಹುಡುಗರು ಕೇಳುತ್ತಾರೆ. ಅವರ ಲೆಕ್ಕ ತಪ್ಪಲ್ಲ. ಜಗತ್ತಿನ ಜನರ ಆದಾಯದಲ್ಲಿರುವ ವ್ಯತ್ಯಾಸದ ಅರ್ಧಕ್ಕಿಂತ ಜಾಸ್ತಿ ಭಾಗ ಅವರು ಯಾವ ದೇಶದವರು ಅನ್ನೋದರಿಂದಲೇ ಬರುತ್ತದೆ ಅಂತ ಅರ್ಥಶಾಸ್ತ್ರಜ್ಞ ಬ್ರಾಂಕೊ ಮಿಲನೊವಿಚ್ ತೋರಿಸಿದ್ದಾರೆ. ಅದೇ ಬಸ್ಸು ಓಡಿಸುವ ಕೆಲಸಕ್ಕೆ ಅಲ್ಲೊಂದು ಸಂಬಳ, ಇಲ್ಲೊಂದು ಸಂಬಳ. ಆದರೆ ವೀಸಾ ಎಲ್ಲರಿಗೂ ಸಿಗಲ್ಲ.

ಇಲ್ಲಿ ಒಬ್ಬ ಹುಡುಗನ ವಿಷಯ ಹೇಳಲೇಬೇಕು. ನನ್ನ ಕ್ಲಾಸಿನಲ್ಲಿ ಅವನೇ ಫಸ್ಟ್. ಉತ್ತರ ಪತ್ರಿಕೆ ಕೊಟ್ಟರೆ ಮಾರ್ಕ್ಸ್ ನೋಡುವ ಮುಂಚೆ ಎಲ್ಲಿ ತಪ್ಪಾಗಿದೆ ಅಂತ ಹುಡುಕುತ್ತಿದ್ದ. ಸೆಕೆಂಡ್ ಪಿಯುಸಿ ಅರ್ಧದಲ್ಲಿರುವಾಗ ಅವರಪ್ಪನ ಎರಡೂ ಕಿಡ್ನಿ ಹೋಯಿತು. ಮೊದಲು ಹಸು ಮಾರಿದರು, ಆಮೇಲೆ ಅಮ್ಮನ ಓಲೆ, ಆಮೇಲೆ ಕೈಸಾಲ. ಹುಡುಗ ಬೆಂಗಳೂರಿಗೆ ಹೋಗಿ ಊಟ ಡೆಲಿವರಿ ಕೆಲಸಕ್ಕೆ ಸೇರಿದ. ಒಂದು ದಿನ ಫೋನ್ ಮಾಡಿ, “ಎಕ್ಸಾಂ ಕಟ್ಟೋಕೆ ಇನ್ನೂ ಟೈಮ್ ಇದ್ಯಾ ಮೇಡಂ?” ಅಂತ ಕೇಳಿದ. ಹಿಂದೆ ಹಾರ್ನ್ ಸದ್ದು ಕೇಳುತ್ತಿತ್ತು. ಟೈಮ್ ಮುಗಿದಿತ್ತು. ಅವನ ಪಕ್ಕದ ಬೆಂಚಿನಲ್ಲಿ ಕೂರುತ್ತಿದ್ದವನು ಇವತ್ತು ಸಿ.ಎ. ಓದುತ್ತಿದ್ದಾನೆ. ಬುದ್ಧಿಯಲ್ಲಿ ಇಬ್ಬರಿಗೂ ವ್ಯತ್ಯಾಸವಿರಲಿಲ್ಲ. ಒಬ್ಬನ ಮನೆಗೆ ಕಾಯಿಲೆ ಬಂತು, ಇನ್ನೊಬ್ಬನ ಮನೆಗೆ ಬರಲಿಲ್ಲ.

ಆದ್ದರಿಂದ ಅಪ್ಪಂದಿರಿಗೆ ನನ್ನ ಉತ್ತರ ಹೀಗಿದೆ. ಓದಿಸಿ, ಖಂಡಿತ ಓದಿಸಿ. ಓದು ಈಗಲೂ ನಮ್ಮಂಥವರಿಗೆ ಇರುವ ದೊಡ್ಡ ದಾರಿ. ಆದರೆ ನಮ್ಮಪ್ಪನ ಕಾಲದ ಹಾಗೆ ಡಿಗ್ರಿ ಕೈಗೆ ಬಂದ ತಕ್ಷಣ ಕೆಲಸ ಸಿಗುವುದಿಲ್ಲ. ಐಟಿ ಕಂಪನಿಗೆ ಹೊಸದಾಗಿ ಸೇರುವ ಎಷ್ಟೋ ಮಕ್ಕಳಿಗೆ ಹತ್ತು ವರ್ಷದ ಹಿಂದೆಯೂ ವರ್ಷಕ್ಕೆ ಮೂರು, ಮೂರೂವರೆ ಲಕ್ಷ. ಈಗಲೂ ಹತ್ತಿರ ಹತ್ತಿರ ಅಷ್ಟೇ. ಬೆಂಗಳೂರಿನ ಬಾಡಿಗೆ ಮಾತ್ರ ನಿಂತಿಲ್ಲ. ಹೆಸರಿಲ್ಲದ ಕಾಲೇಜಿನ ಮ್ಯಾನೇಜ್‌ಮೆಂಟ್ ಸೀಟಿಗೆ ಜಮೀನು ಮಾರಬೇಡಿ. ಸಿಕ್ಕಿದ ಸ್ಕಾಲರ್‌ಶಿಪ್ ಬಿಡಬೇಡಿ. ಹುಡುಗಿಯರು 2023ರಿಂದ ಸರ್ಕಾರಿ ಬಸ್ಸಿನಲ್ಲಿ ದುಡ್ಡಿಲ್ಲದೆ ಓಡಾಡಬಹುದು, ದೂರ ಅಂತ ಕಾಲೇಜು ಬಿಡಿಸಬೇಡಿ. ನಿಮ್ಮೂರಿನ ಶಾಲೆ ಮುಚ್ಚುತ್ತೇವೆ, ಹಾಸ್ಟೆಲ್ ಸೀಟು ಕಮ್ಮಿ ಮಾಡುತ್ತೇವೆ ಅಂತ ಯಾರಾದರೂ ಅಂದರೆ ನಾಲೆಗೆ ನೀರು ಬಿಡದಿದ್ದಾಗ ಹೆದ್ದಾರಿಗೆ ಬಂದು ಕೂರುತ್ತೀರಲ್ಲ, ಹಾಗೇ ಬಂದು ಕೂರಿ. ಇದೂ ನೀರಿನ ವಿಷಯವೇ.

ಮೊನ್ನೆಯ ಆ ಅಪ್ಪ ಬಾಗಿಲವರೆಗೆ ಹೋದವರು ವಾಪಸ್ ಬಂದರು. “ಬಿಸಿಎಂ ಹಾಸ್ಟೆಲ್ ಅರ್ಜಿ ಎಲ್ಲಿ ಹಾಕದು ಮೇಡಮ್ಮೋರೆ?” ಅಂದರು. ಹಿಂದುಳಿದ ವರ್ಗದ ಮಕ್ಕಳ ಸರ್ಕಾರಿ ಹಾಸ್ಟೆಲ್ ಅದು. ಆನ್‌ಲೈನ್‌ನಲ್ಲಿ, ಜಾತಿ ಆದಾಯ ಸರ್ಟಿಫಿಕೇಟಿನ ಆರ್‌ಡಿ ನಂಬರ್ ಬೇಕು ಅಂದೆ. ಪ್ಲಾಸ್ಟಿಕ್ ಕವರಿನಲ್ಲಿ ಅದೂ ಇತ್ತು, ನಾಡಕಚೇರಿಯಿಂದ ಮೊದಲೇ ಮಾಡಿಸಿಟ್ಟಿದ್ದರು. ಮಗಳು ನಂಬರನ್ನು ಒಂದೊಂದಾಗಿ ಓದಿ ಹೇಳಿದಳು. ನಾನು ಟೈಪ್ ಮಾಡಿದೆ.