ಕಳಚಿಹೋದ ಅರ್ಕಾವೊತ್ತು

ನಮ್ಮ ಕಾಲೇಜಿನ ಗ್ರಂಥಾಲಯದ ಹಳೆಯ ಕಪಾಟಿನಲ್ಲಿ 2011ರ ವಾರ್ಷಿಕ ಸಂಚಿಕೆ ಇನ್ನೂ ಉಳಿದಿದ್ದರೆ ಅದರ ಮುಖಪುಟವನ್ನು ಒಮ್ಮೆ ನೋಡಿ. ‘ವಾರ್ಷಿಕ’ ಎಂಬ ಪದದಲ್ಲಿ ಅರ್ಕಾವೊತ್ತೇ ಇಲ್ಲ. ರಕಾರ ಬೇರೆಯಾಗಿ ನಿಂತಿದೆ, ಷಕಾರದ ಗುಡಿಸು ಕಳಚಿಕೊಂಡು ಪಕ್ಕದಲ್ಲಿ ತೇಲುತ್ತಿದೆ. ಗದ್ದೆಯ ಹಸಿರು ಎಂದು ಹಾಕಿದ ಬಣ್ಣ ಬಾಡಿದ ಬಾಳೆಲೆಯ ಹಾಗಾಗಿದೆ. ಆ ಮುಖಪುಟ ಮಾಡಿದವಳು ನಾನು. ಈ ಸಲದ ಸಂಪಾದಕ ಮಂಡಳಿಗೆ ಇದು ಗೊತ್ತಿತ್ತೋ ಇಲ್ಲವೋ, ಚಿತ್ರ, ವಿನ್ಯಾಸ, ಅನಿಮೇಷನ್ ಎಂದು ಹೊರಡುವವರಿಗೆ ನಾಲ್ಕು ಮಾತು ಬರೆಯಿರಿ ಎಂದು ನನ್ನನ್ನೇ ಕೇಳಿದ್ದಾರೆ.

ನಾನು ಓದಿದ್ದು ಬಿ.ಕಾಂ. ಸಿದ್ದಾಪುರದ ಕಡೆಯ ನಮ್ಮ ಊರಿನಿಂದ ಬೆಳಗಿನ ಬಸ್ಸಿಗೆ ಶಿರಸಿಗೆ ಬರುತ್ತಿದ್ದೆ. ಶನಿವಾರ ಮಧ್ಯಾಹ್ನ ಪೇಟೆಯಲ್ಲಿ ಕಂಪ್ಯೂಟರಿನ ಮೇಲೆ ಅಕ್ಷರ ಜೋಡಿಸಿಕೊಡುವ ಒಂದು ಡಿಟಿಪಿ ಅಂಗಡಿಯಲ್ಲಿ ಕೆಲಸ. 2010ರಲ್ಲಿ ಮಾರಿಕಾಂಬೆಯ ಜಾತ್ರೆ ಬಂದಾಗ ಆ ಅಂಗಡಿಯಲ್ಲಿ ಉಸಿರಾಡಲು ಬಿಡುವಿರಲಿಲ್ಲ. ರಸೀದಿ ಪುಸ್ತಕ, ಯಕ್ಷಗಾನ ಆಟದ ಕರಪತ್ರ, ನಡುವೆ ಮದುವೆಯ ಕಾಗದ. ಅಲ್ಲಿದ್ದ ತಂತ್ರಾಂಶಗಳೆಲ್ಲ ಕದ್ದ ಮಾಲು. ಯಾರೋ ಹುಬ್ಬಳ್ಳಿಯಿಂದ ತಂದ ಸಿಡಿ, ಅದರಲ್ಲೊಂದು ಬೀಗ ಮುರಿಯುವ ಕಡತ. ಜಾತ್ರೆಯ ಮೂರನೆಯ ದಿನ ಆ ಕಡತದ ಜೊತೆಗೇ ಬಂದಿದ್ದ ವೈರಸ್ ಎರಡು ತಿಂಗಳ ಕೆಲಸವನ್ನು ತಿಂದು ಹಾಕಿತು. ಯಾರು ಬೇಕಾದರೂ ಬಳಸಿ, ತಿದ್ದಿ, ಹಂಚಬಹುದಾದ ಸ್ವತಂತ್ರ ತಂತ್ರಾಂಶದ ಕಡೆಗೆ ನಾನು ಹೊರಳಿದ್ದು ಯಾವ ಆದರ್ಶದಿಂದಲೂ ಅಲ್ಲ. ಮೂವತ್ತೆರಡು ಮದುವೆ ಕಾಗದಗಳನ್ನು ಎರಡನೆಯ ಸಲ ಟೈಪ್ ಮಾಡಿದ ಸಿಟ್ಟಿನಿಂದ.

ವಿಂಡೋಸ್‌ನ ಬದಲು ಕಂಪ್ಯೂಟರನ್ನು ನಡೆಸಬಲ್ಲ ಲಿನಕ್ಸ್‌ನ ಒಂದು ರೂಪ ಉಬುಂಟು. ಆ ಕಾಲದಲ್ಲಿ ಉಬುಂಟುವಿನವರು ಕೇಳಿದವರಿಗೆ ಅಂಚೆಯಲ್ಲಿ ಪುಕ್ಕಟೆಯಾಗಿ ಸಿಡಿ ಕಳಿಸುತ್ತಿದ್ದರು. 2011ರಲ್ಲಿ ಅದನ್ನು ನಿಲ್ಲಿಸಿದರು. ನಾನು ವಿಳಾಸ ಬರೆದು ಮರೆತೇ ಬಿಟ್ಟಿದ್ದೆ. ವಾರಗಳ ನಂತರ ನಮ್ಮೂರ ಅಂಚೆಯಣ್ಣ ಹೊರದೇಶದ ಲಕೋಟೆಯನ್ನು ತಂದು, ದುಡ್ಡೇನೂ ಕೊಡಬೇಕಿಲ್ಲವಂತೆ ಎಂದು ಅನುಮಾನದಿಂದಲೇ ಕೊಟ್ಟು ಹೋದ. ಆವೃತ್ತಿ 9.10. ಚಿತ್ರ ತಿದ್ದುವ ಗಿಂಪ್ ಅದರೊಳಗೇ ಇತ್ತು. ಗೆರೆಯ ಚಿತ್ರಕ್ಕೆ ಬೇಕಾದ ಇಂಕ್‌ಸ್ಕೇಪ್ ಇರಲಿಲ್ಲ. ಮನೆಯಲ್ಲಿ ಇಂಟರ್ನೆಟ್ ಇಲ್ಲ. ಶಿರಸಿಯ ಸೈಬರ್ ಕೇಂದ್ರದಲ್ಲಿ ಇಂಕ್‌ಸ್ಕೇಪನ್ನು ಪೆನ್‌ಡ್ರೈವಿಗೆ ಇಳಿಸಿಕೊಂಡು ಊರಿಗೆ ಹೋದೆ. ಹಾಕಲು ಹೋದರೆ ಅದು ಇನ್ನೊಂದು ಕಡತ ಬೇಕು ಎಂದಿತು. ಮರುದಿನ ಅದನ್ನು ಒಯ್ದರೆ ಆ ಕಡತಕ್ಕೆ ಮತ್ತೆರಡು ಬೇಕಂತೆ. ಮದುವೆಗೆ ಕರೆದರೆ ಪ್ರತಿ ನೆಂಟರೂ ಇನ್ನಿಬ್ಬರು ನೆಂಟರ ಹೆಸರು ಹೇಳಿದ ಹಾಗೆ. ಐದನೆಯ ದಿನ ಅದು ತೆರೆದುಕೊಂಡಿತು. ತೆರೆದ ಮೇಲೆ ಏನು ಮಾಡಬೇಕೆಂದು ನನಗೆ ಗೊತ್ತಿರಲಿಲ್ಲ.

ಗೊತ್ತಿದ್ದದ್ದು ಅಜ್ಜಿಗೆ. ನಮ್ಮದು ದೀವರ ಸಮುದಾಯದ ಮನೆ. ಮದುವೆ ಬಂತೆಂದರೆ ಕೆಮ್ಮಣ್ಣು ಬಳಿದ ಗೋಡೆಯ ಮೇಲೆ ಹಸೆ ಚಿತ್ತಾರ ಬರೆಯಬೇಕು. ನಮ್ಮಲ್ಲಿ ಚಿತ್ತಾರವನ್ನು ಬಿಡಿಸುವುದಿಲ್ಲ, ಬರೆಯುತ್ತಾರೆ. ನೆನೆಸಿ ಅರೆದ ಅಕ್ಕಿಯ ಬಿಳಿ, ಸುಟ್ಟ ಅಕ್ಕಿಯ ಕಪ್ಪು, ಪುಂಡಿ ನಾರಿನ ಕುಂಚ. ಅಜ್ಜಿ ಮೊದಲು ಚೌಕದ ಅಂಚನ್ನು ಹಾಕಿ, ಎಳೆಗಳನ್ನು ಎಣಿಸುತ್ತಾ ಒಳಗೆ ಸಾಗುತ್ತಿದ್ದಳು. ನಾನು ಇಂಕ್‌ಸ್ಕೇಪಿನಲ್ಲಿ ಆ ಗೋಡೆಯನ್ನು ನಕಲು ಮಾಡಲು ಕುಳಿತೆ. ಬೇರೆ ಪಠ್ಯಕ್ರಮ ನನಗಿರಲಿಲ್ಲ. ಅಂಚಿಗೆ ಗೆರೆ, ತೇರಿಗೆ ಚೌಕ ಮತ್ತು ತ್ರಿಕೋನ, ಒಂದೇ ಎಳೆ ಇಪ್ಪತ್ತು ಸಲ ಬರುವಲ್ಲಿ ಅದನ್ನು ಸಾಲಾಗಿ ಹಾಸಿ ಪ್ರತಿ ತೆಗೆಯುವ ಸೌಲಭ್ಯ, ಗುಬ್ಬಿಯ ಬೆನ್ನಿಗೆ ಬಾಗುವ ಗೆರೆ. ಒಂದು ಗೋಡೆ ಮುಗಿಯುವಷ್ಟರಲ್ಲಿ ಆ ತಂತ್ರಾಂಶದ ಅರ್ಧ ಪಾಲು ಕೈಗೆ ಹತ್ತಿತ್ತು. ಪರದೆಯ ಮೇಲಿನದನ್ನು ತೋರಿಸಿದಾಗ ಅಜ್ಜಿ ಬಹಳ ಹೊತ್ತು ನೋಡಿ, “ಎಲ್ಲ ಎಳೆಯೂ ಒಂದೇ ಹಾಗಿದೆ. ಬರೆದವರಿಗೆ ಬೇಸರ ಬರಲಿಲ್ಲವೇ?” ಎಂದು ಕೇಳಿದಳು. ಆಮೇಲೆ ಕಾಲೇಜಿನ ಹೊರಗೆ ಎಷ್ಟೋ ವಿಮರ್ಶೆ ಕೇಳಿದ್ದೇನೆ, ಇಷ್ಟು ಸರಿಯಾದದ್ದು ಕಡಿಮೆ.

ಆ ದಿನಗಳಲ್ಲೇ ಇನ್ನೊಂದು ಆಯಿತು. ಕೈತಪ್ಪಿ ನನ್ನ ಚಿತ್ರದ ಕಡತವನ್ನು ಅಕ್ಷರ ಬರೆಯುವ ಸಾಧಾರಣ ತಂತ್ರಾಂಶದಲ್ಲಿ ತೆರೆದೆ. ಕಸ ಕಾಣಬಹುದೆಂದುಕೊಂಡರೆ ಓದಬಲ್ಲ ಸಾಲುಗಳಿದ್ದವು. ಇಂಕ್‌ಸ್ಕೇಪ್ ಉಳಿಸುವ ಎಸ್‌ವಿಜಿ ಕಡತ ಬರಿಯ ಪಠ್ಯ: ಇಲ್ಲಿಂದ ಇಲ್ಲಿಗೆ ಗೆರೆ, ಇಷ್ಟು ದಪ್ಪ, ಈ ಬಣ್ಣ. ಒಂದು ಅಂಕಿ ಬದಲಿಸಿ ಮತ್ತೆ ತೆರೆದೆ, ಗುಬ್ಬಿಯ ಕೊಕ್ಕು ಮುಂದೆ ಬಂತು. ಲೆಕ್ಕಪತ್ರ ಓದುತ್ತಿದ್ದವಳಿಗೆ ಅಂಕಿಗಳಿಂದ ಗುಬ್ಬಿ ಹುಟ್ಟುವುದೆಂದರೆ ಸಣ್ಣ ಸಂಗತಿಯಲ್ಲ. ಕಲಿಸುವವರಿಲ್ಲದ ಊರಿನಲ್ಲಿ ಕೂತು ಕಲಿಯುವವರಿಗೆ ನಾನು ಹೇಳುವುದಿದ್ದರೆ ಇದನ್ನೇ: ಒಳಗೆ ಇಣುಕಲು ಬಿಡುವ ಸಾಧನವನ್ನು ಆರಿಸಿಕೊಳ್ಳಿ. ಬೇರೆಯವರ ಕಡತವನ್ನು ಬಿಚ್ಚಿ, ಒಂದು ಭಾಗ ಕೆಡಿಸಿ, ಏನಾಯಿತೆಂದು ನೋಡಿ. ವೀಡಿಯೊ ಪಾಠ ನೂರಿವೆ, ನೋಡಬೇಡಿ ಎನ್ನುವುದಿಲ್ಲ. ಆದರೆ ಇನ್ನೊಬ್ಬರು ಈಜುವುದನ್ನು ಕಾರವಾರದ ಕಡಲ ದಂಡೆಯಲ್ಲಿ ಕೂತು ನೋಡಿದವರಿಗೆ ಮೈಗೆ ಮರಳಷ್ಟೇ ಮೆತ್ತಿಕೊಳ್ಳುತ್ತದೆ.

ಈಗ ಮುಖಪುಟದ ವಿಷಯ. ಭಿತ್ತಿಪತ್ರಿಕೆ ನಡೆಸುತ್ತಿದ್ದ ನಮ್ಮ ಕನ್ನಡ ಅಧ್ಯಾಪಕರು ನನ್ನ ಚಿತ್ತಾರ ನೋಡಿ ಮುಖಪುಟ ಮಾಡಲು ಹೇಳಿದರು. ನಾನು ಪಿಡಿಎಫ್ ಮಾಡದೆ ಮೂಲ ಕಡತವನ್ನೇ ಮುದ್ರಣಾಲಯಕ್ಕೆ ಕೊಟ್ಟೆ, ಪರೀಕ್ಷೆಯ ನೆಪ ಹೇಳಿ ಕರಡು ನೋಡಲು ಹೋಗಲಿಲ್ಲ. ಎಲ್ಲ ಭಾಷೆಗಳ ಅಕ್ಷರಗಳಿಗೂ ಒಂದೊಂದು ಸಂಖ್ಯೆ ಕೊಡುವ ಯೂನಿಕೋಡ್ ಪದ್ಧತಿಯಲ್ಲಿ ಅರ್ಕಾವೊತ್ತು ಎಂಬ ಪ್ರತ್ಯೇಕ ಅಕ್ಷರವಿಲ್ಲ. ‘ರ್ಷಿ’ ಎಂದರೆ ಕಡತದಲ್ಲಿ ಇರುವುದು ರ, ಅದನ್ನು ಅರ್ಧಾಕ್ಷರ ಮಾಡುವ ಚಿಹ್ನೆ, ಷ, ಗುಡಿಸು, ಇದೇ ಕ್ರಮದಲ್ಲಿ. ಅವನ್ನು ಜೋಡಿಸಿ ರಕಾರವನ್ನು ಷಕಾರದ ಬಲಕ್ಕೆ ಒಯ್ದು ಅರ್ಕಾವೊತ್ತು ಮಾಡುವುದು ತಂತ್ರಾಂಶದ ಕೆಲಸ. ನನ್ನ ಮನೆಯ ಪುಕ್ಕಟೆ ಲಿನಕ್ಸ್‌ಗೆ ಆ ವಿದ್ಯೆ ಗೊತ್ತಿತ್ತು. ಮುದ್ರಣಾಲಯದ ದುಬಾರಿ ತಂತ್ರಾಂಶಕ್ಕೆ ಗೊತ್ತಿರಲಿಲ್ಲ. ಅದಕ್ಕೇ ಆಗ ಎಲ್ಲರೂ ಯೂನಿಕೋಡ್ ಅಲ್ಲದ ಫಾಂಟುಗಳಲ್ಲಿ ದುಡಿಯುತ್ತಿದ್ದರು. ಬಣ್ಣದ ತಪ್ಪು ಮಾತ್ರ ಪೂರ್ತಿ ನನ್ನದು: ಪರದೆ ಕೆಂಪು, ಹಸಿರು, ನೀಲಿ ಬೆಳಕಿನಿಂದ ಬಣ್ಣ ತೋರಿಸುತ್ತದೆ, ಅಚ್ಚಿನ ಯಂತ್ರಕ್ಕಿರುವುದು ನಾಲ್ಕು ಶಾಯಿ. ಪರದೆಯ ಮಿಂಚುವ ಹಸಿರು ಶಾಯಿಯಲ್ಲಿ ಹುಟ್ಟುವುದೇ ಇಲ್ಲ. ಅಂದಿನಿಂದ ಶೀರ್ಷಿಕೆಯ ಅಕ್ಷರಗಳನ್ನು ಗೆರೆಗಳನ್ನಾಗಿ ಪರಿವರ್ತಿಸದೆ ಯಾರಿಗೂ ಕಡತ ಕೊಟ್ಟಿಲ್ಲ. ಪುಟಗಳನ್ನು ನಾಲ್ಕು ಶಾಯಿಯ ಲೆಕ್ಕ ಬಲ್ಲ ಸ್ಕ್ರೈಬಸ್‌ನಲ್ಲಿ ಜೋಡಿಸುತ್ತೇನೆ. ಎಷ್ಟೇ ತಲೆ ಹೋಗುವ ಕೆಲಸವಿದ್ದರೂ ಕರಡು ನೋಡಲು ನಾನೇ ಹೋಗುತ್ತೇನೆ.

ಸ್ವತಂತ್ರ ಎಂಬ ಮಾತಿಗೆ ಒಂದು ವಿವರಣೆ ಬೇಕು. ಸ್ವತಂತ್ರವಾದ ಕಂಪ್ಯೂಟರ್ ವ್ಯವಸ್ಥೆಯೊಂದನ್ನು ಕಟ್ಟುವ ಗ್ನೂ ಯೋಜನೆಯನ್ನು 1983ರಲ್ಲಿ ಘೋಷಿಸಿದವರು ಅಮೆರಿಕದ ರಿಚರ್ಡ್ ಸ್ಟಾಲ್‌ಮನ್. ಅವರಿಗೆ ಮುಖ್ಯವಾದದ್ದು ಬೆಲೆಯಲ್ಲ. ಬಳಸುವ, ಒಳಗೆ ನೋಡುವ, ತಿದ್ದುವ, ಹಂಚುವ ಹಕ್ಕು ಬಳಸುವವರದ್ದಾಗಬೇಕು ಎಂಬುದು ಅವರ ಹಟ. ನಮ್ಮ ಕಡೆಯವರಿಗೆ ಮುಯ್ಯಾಳು ಎಂದರೆ ಅರ್ಧ ಅರ್ಥವಾದೀತು: ನಿನ್ನ ನಾಟಿಗೆ ನಾನು, ನನ್ನದಕ್ಕೆ ನೀನು. ದುಡ್ಡೂ ಬೇಕಾಗುತ್ತದೆ. ಅನಿಮೇಷನ್ ತಂತ್ರಾಂಶವಾದ ಬ್ಲೆಂಡರನ್ನು ಮಾಡುತ್ತಿದ್ದ ಕಂಪನಿ ಮುಚ್ಚಿದಾಗ 2002ರಲ್ಲಿ ಬಳಕೆದಾರರು ಏಳು ವಾರಗಳಲ್ಲಿ ಒಂದು ಲಕ್ಷ ಯೂರೋ ಕೂಡಿಸಿ ಅದನ್ನು ಬಿಡಿಸಿಕೊಂಡರು. 2025ರಲ್ಲಿ ಅನಿಮೇಷನ್ ವಿಭಾಗದ ಆಸ್ಕರ್ ಪಡೆದ ಲಾಟ್ವಿಯಾದ ಚಿತ್ರ ಸಿದ್ಧವಾದದ್ದು ಅದೇ ಬ್ಲೆಂಡರ್‌ನಲ್ಲಿ. ಹಾಗೆಂದು ನೌಕರಿಗೆ ಹೋದ ಕಡೆ ಅವರ ತಂತ್ರಾಂಶ ಮುಟ್ಟುವುದಿಲ್ಲ ಎಂದು ವ್ರತ ಹಿಡಿಯಬೇಡಿ. ಅವರು ಪರವಾನಗಿ ಕೊಂಡಿದ್ದರೆ ಅದನ್ನೂ ಕಲಿಯಿರಿ, ಗೆರೆ ಗೊತ್ತಿದ್ದವರಿಗೆ ಗುಂಡಿಗಳ ಜಾಗ ಕಲಿಯಲು ಹದಿನೈದು ದಿನ ಸಾಕು.

ಹಣದ ವಿಷಯ ಚುಟುಕಾಗಿ. ಮೊದಲ ಮೂರು ವರ್ಷ ನನ್ನ ಗಳಿಕೆ ಅಡಿಕೆ ಸುಲಿಯುವವರ ಕೂಲಿಗಿಂತ ಕಡಿಮೆಯಿತ್ತು, ಅಪ್ಪ ಅದನ್ನು ಪ್ರತಿ ಸುಗ್ಗಿಯಲ್ಲೂ ನೆನಪಿಸಿದರು. ಸುಲಿದಷ್ಟಕ್ಕೆ ಕೂಲಿ ಎಂಬ ಪಾಠವನ್ನು ಅವರಿಂದಲೇ ಕಲಿತು, ಮಾತಿನ ಮೇಲೆ ಕೆಲಸ ಒಪ್ಪುವುದನ್ನು ಬಿಟ್ಟೆ. ಪುಟಕ್ಕೆ ಇಷ್ಟು, ಎರಡಕ್ಕಿಂತ ಹೆಚ್ಚು ಸಲ ತಿದ್ದಿದರೆ ಇಷ್ಟು, ಅರ್ಧ ಮುಂಗಡ. ಇದನ್ನು ಬರೆದು ಕೊಡುತ್ತೇನೆ. “ನಿಮಗೆ ಹೆಸರು ಬರುತ್ತದೆ” ಎನ್ನುವವರಿಗೆ ನನಗೆ ಆಗಲೇ ಒಂದು ಹೆಸರಿದೆ ಎಂದು ಹೇಳುತ್ತೇನೆ.

ಈ ಸಂಚಿಕೆಯ ಮುಖಪುಟವೂ ನನ್ನದೇ. ಇದಕ್ಕೆ ಹಣ ಕೇಳಲಿಲ್ಲ, 2011ರ ಸಾಲ ಬಾಕಿ ಇತ್ತು. ಚಿತ್ತಾರ ಊರಿನ ಹೆಂಗಸರೆಲ್ಲರದು, ಆದ್ದರಿಂದ ಮೊದಲು ಅವರನ್ನು ಕೇಳಿದೆ. ಗೋಡೆಯ ಮೇಲೆ ಬರೆದದ್ದನ್ನು ಮುಚ್ಚಿಡುತ್ತಾರೆಯೇ ಎಂದು ನಕ್ಕರು. ಮೂಲ ಕಡತವನ್ನು ಗ್ರಂಥಾಲಯಕ್ಕೆ ಕೊಟ್ಟಿದ್ದೇನೆ. ಯಾರು ಬೇಕಾದರೂ ತೆರೆದು ತಿದ್ದಿ, ಅದೇ ಷರತ್ತಿನಲ್ಲಿ ಹಂಚಬಹುದು. ಎಡಮೂಲೆಯ ಗುಬ್ಬಿಯ ಗೆರೆ ಸ್ವಲ್ಪ ನಡುಗಿದೆ. ಅದು ಅಜ್ಜಿ ಕೊನೆಯ ಸಲ ಗೋಡೆಯ ಮೇಲೆ ಬರೆದ ಗುಬ್ಬಿ, ಫೋಟೋ ತೆಗೆದು ಹಾಗೆಯೇ ಗೆರೆ ಎಳೆದೆ. ಅದನ್ನೊಂದು ಮುಟ್ಟಬೇಡಿ ಎನ್ನೋಣವೆಂದರೆ, ನಾನೇ ಆರಿಸಿಕೊಂಡ ಪರವಾನಗಿಯಲ್ಲಿ ಹಾಗೆ ಹೇಳಲು ಬರುವುದಿಲ್ಲ.