ಒಂದೇ ಮನೆ, ಎರಡು ಪಾಸ್‌ಪೋರ್ಟು, ಎದುರಿಗೆ ಯುರೋಪು

ನಾವಿರುವ ಲಂಡನ್ನಿನಿಂದ ಪ್ಯಾರಿಸ್‌ಗೆ ರೈಲಿನಲ್ಲಿ ಎರಡೂಕಾಲು ಗಂಟೆ. ಬೆಂಗಳೂರಿನಿಂದ ಮೈಸೂರಿಗೆ ಹೋದಷ್ಟೇ ಹೊತ್ತು. ಇದು ಗೊತ್ತಿರುವ ನಮ್ಮ ಚಿಕ್ಕಮ್ಮ ಪ್ರತಿ ಸಲ ಫೋನ್ ಮಾಡಿದಾಗಲೂ ಕೇಳುತ್ತಾರೆ, “ಶನಿವಾರ ಹೊರಟು ಭಾನುವಾರ ಬರಬಹುದಲ್ವೇನೇ? ಸುಮ್ನೆ ಮನೇಲಿ ಕೂತಿರ್ತೀರಲ್ಲ!”

ಚಿಕ್ಕಮ್ಮ ಹೇಳುವುದು ತಪ್ಪಲ್ಲ. ಡೋವರಿನ ಬಿಳಿ ಬಂಡೆಗಳ ಮೇಲೆ ನಿಂತರೆ, ಮಂಜು ಇಲ್ಲದ ದಿನ ಫ್ರಾನ್ಸ್ ಬರಿಗಣ್ಣಿಗೆ ಕಾಣುತ್ತದೆ. ಅಲ್ಲಿ ಕಡಲಿನ ಅಗಲ ಸುಮಾರು 33 ಕಿಲೋಮೀಟರ್. ಕೆಳಗೆ 1994ರಿಂದ ಸುರಂಗವೂ ಇದೆ. ಆದರೆ ದಾಟಬಹುದಾ, ಎಷ್ಟು ಸಲೀಸಾಗಿ ದಾಟಬಹುದು ಅನ್ನುವುದೆಲ್ಲ ಕೈಯಲ್ಲಿರುವ ಪಾಸ್‌ಪೋರ್ಟಿನ ಮೇಲೆ ಹೋಗುತ್ತದೆ.

ನಮ್ಮ ಮನೆಯಲ್ಲಿ ಎರಡು ಬಗೆಯ ಪಾಸ್‌ಪೋರ್ಟ್ ಇವೆ. ಮನೆಯವರು ಬ್ರಿಟಿಷ್ ಪೌರತ್ವ ತೆಗೆದುಕೊಂಡು, ಊರಿಗೆ ಹೋಗಿಬರಲು ಓಸಿಐ ಕಾರ್ಡ್ (ಬೇರೆ ದೇಶದ ಪೌರತ್ವ ಪಡೆದ ಭಾರತ ಮೂಲದವರಿಗೆ ಕೊಡುವ ಕಾರ್ಡ್) ಮಾಡಿಸಿಕೊಂಡಿದ್ದಾರೆ. ನಾನಿನ್ನೂ ಭಾರತದ ಪಾಸ್‌ಪೋರ್ಟ್ ಬಿಟ್ಟಿಲ್ಲ. ಓಸಿಐನವರು ಊರಲ್ಲಿ ಕೃಷಿ ಜಮೀನು ಕೊಳ್ಳುವಂತಿಲ್ಲ, ನನಗೆ ಒಂದು ತೋಟದ ಆಸೆ ಇದೆ. ಅದು ಬೇರೆಯೇ ಕಥೆ. ಇಲ್ಲಿಗೆ ಬೇಕಾದ್ದು ಇಷ್ಟು: ಬ್ರೆಕ್ಸಿಟ್, ಅಂದರೆ ಬ್ರಿಟನ್ ಐರೋಪ್ಯ ಒಕ್ಕೂಟ ಬಿಟ್ಟು ಹೊರಬಂದದ್ದು, ಒಂದೇ ಮನೆಯ ಇಬ್ಬರಿಗೆ ಎರಡು ಥರ ತಟ್ಟಿತು.

ಬ್ರಿಟನ್ ಐರೋಪ್ಯ ಒಕ್ಕೂಟದಲ್ಲಿದ್ದಾಗಲೂ ಶೆಂಗೆನ್ ವಲಯದಲ್ಲಿ ಇರಲಿಲ್ಲ. ಶೆಂಗೆನ್ ಅಂದರೆ ಒಂದು ವೀಸಾದಲ್ಲಿ ಓಡಾಡಬಹುದಾದ ದೇಶಗಳ ಗುಂಪು, ಈಗ 29 ದೇಶ. ಹಾಗಾಗಿ ಇಲ್ಲಿರುವ ಭಾರತೀಯರಿಗೆ ಪ್ಯಾರಿಸ್ ನೋಡಲು ಮೊದಲೂ ವೀಸಾ ಬೇಕಿತ್ತು, ಈಗಲೂ ಬೇಕು. 2016ರ ಜೂನ್ 23ರಂದು ಬ್ರಿಟನ್ನಿನವರು ಹೊರಗೆ ಹೋಗೋಣ ಎಂದು ಮತ ಹಾಕಿದರು. ಹೊರಗೆ ಹೋಗಿದ್ದು 2020ರ ಜನವರಿ 31ಕ್ಕೆ, ಹಳೆಯ ನಿಯಮಗಳು ಮುಗಿದಿದ್ದು ಅದೇ ವರ್ಷ ಡಿಸೆಂಬರ್ 31ಕ್ಕೆ. ನಮ್ಮಂಥವರಿಗೆ ಇದರಿಂದ ಏನೂ ಬದಲಾಗಲಿಲ್ಲ ಎಂದು ಎಷ್ಟೋ ಜನ ತಿಳಿದಿದ್ದಾರೆ. ನನ್ನಂಥ ಹೆಂಡತಿಯರಿಗೆ, ಗಂಡಂದಿರಿಗೆ ಬದಲಾಯಿತು.

ಮೊದಲು ಬ್ರಿಟಿಷ್ ಪ್ರಜೆ ಅಂದರೆ ಒಕ್ಕೂಟದ ಪ್ರಜೆ. ಒಕ್ಕೂಟದ ಪ್ರಜೆಯ ಜೊತೆ ಪ್ರಯಾಣ ಮಾಡುವ ಹೆಂಡತಿಗೆ ವೀಸಾ ಪುಕ್ಕಟೆ. ಮದುವೆ ಸರ್ಟಿಫಿಕೇಟ್ ತೋರಿಸಿದರೆ ಮುಕ್ಕಾಲು ಕೆಲಸ ಮುಗಿಯುತ್ತಿತ್ತು. ಬ್ಯಾಂಕ್ ಲೆಕ್ಕ, ಹೋಟೆಲ್ ಬುಕಿಂಗ್ ಅಂತ ಯಾರೂ ಕೇಳುವಂತಿರಲಿಲ್ಲ. 2021ರಿಂದ ನಾವು ಎಲ್ಲರ ಹಾಗೆ. ಫೀಸು 90 ಯೂರೋ, ಅದರ ಮೇಲೆ ಅರ್ಜಿ ಕೇಂದ್ರದ ಸೇವಾ ಶುಲ್ಕ. ಕೆಲಸದ ಕಡೆಯಿಂದ ಪತ್ರ, ಸಂಬಳದ ಚೀಟಿ, ಬ್ಯಾಂಕ್ ಸ್ಟೇಟ್‌ಮೆಂಟು, ಹೋಗಿಬರುವ ಟಿಕೆಟ್, ಪ್ರತಿ ರಾತ್ರಿ ಎಲ್ಲಿ ಉಳಿಯುತ್ತೀರಿ ಎಂಬ ವಿವರ, ಕನಿಷ್ಠ 30,000 ಯೂರೋದ ಆರೋಗ್ಯ ವಿಮೆ. ಪ್ರಯಾಣಕ್ಕೆ ಆರು ತಿಂಗಳು ಮೊದಲು ಅರ್ಜಿ ಹಾಕಬಹುದು. ಬೇಸಿಗೆ ರಜೆಗೆ ಹೋಗುವವರು ಚಳಿಗಾಲದಲ್ಲೇ ಅಪಾಯಿಂಟ್‌ಮೆಂಟ್‌ಗೆ ಕಾದು ಕೂರುತ್ತಾರೆ. ರಾತ್ರಿ ಹನ್ನೆರಡಕ್ಕೆ ಹೊಸ ದಿನಾಂಕ ಬಿಡುತ್ತಾರಂತೆ, ಬೆಳಗಿನ ಜಾವ ಬಿಡುತ್ತಾರಂತೆ ಎಂದು ವಾಟ್ಸಾಪ್ ಗುಂಪಿನಲ್ಲಿ ದಿನಾ ಒಂದು ಸುದ್ದಿ.

ಊರಿನಿಂದ ಮಕ್ಕಳ ಮನೆಗೆ ಬರುವ ಅಪ್ಪ ಅಮ್ಮಂದಿರಿಗೆ ಇಲ್ಲೇ ಒಂದು ಮಾತು ಹೇಳಿಬಿಡುತ್ತೇನೆ. ಬ್ರಿಟನ್ ವೀಸಾ ಒಂದೇ ಇದ್ದರೆ ಫ್ರಾನ್ಸ್, ಸ್ವಿಟ್ಜರ್‌ಲೆಂಡ್ ನೋಡಲು ಆಗುವುದಿಲ್ಲ. “ಅಲ್ಲಿಗೆ ಬಂದ ಮೇಲೆ ಮಾಡಿಸೋಣ ಬಿಡು” ಅನ್ನಬೇಡಿ. ಶೆಂಗೆನ್ ವೀಸಾಕ್ಕೆ ಸಾಮಾನ್ಯವಾಗಿ ನೀವು ವಾಸ ಮಾಡುವ ದೇಶದಲ್ಲೇ ಅರ್ಜಿ ಹಾಕಬೇಕು. ಬೆಂಗಳೂರಿನಲ್ಲೇ ಮುಗಿಸಿಕೊಂಡು ವಿಮಾನ ಹತ್ತಿ. ನಿಮಗೊಂದು ಲಾಭವೂ ಇದೆ. 2024ರ ಏಪ್ರಿಲ್‌ನಿಂದ, ಭಾರತದಲ್ಲಿ ವಾಸಿಸುವ ಭಾರತೀಯರು ಮೂರು ವರ್ಷದೊಳಗೆ ಎರಡು ಶೆಂಗೆನ್ ವೀಸಾ ಪಡೆದು ಸರಿಯಾಗಿ ಬಳಸಿದ್ದರೆ, ಎರಡು ವರ್ಷದ ವೀಸಾ ಸಿಗುವ ದಾರಿ ಇದೆ. ಆಮೇಲೆ ಐದು ವರ್ಷದ್ದು. ಲಂಡನ್ನಿನಲ್ಲಿ ಅರ್ಜಿ ಹಾಕುವ ನನಗೆ ಆ ಸೌಲಭ್ಯ ಇಲ್ಲ. ಒಂದು ವಾರ ಕೇಳಿದರೆ ಹೆಚ್ಚುಕಮ್ಮಿ ಒಂದು ವಾರವೇ ಕೊಡುತ್ತಾರೆ.

ಇನ್ನು ಮನೆಯವರ ಕಥೆಗೆ ಬರೋಣ. ಬ್ರಿಟಿಷ್ ಪಾಸ್‌ಪೋರ್ಟ್ ಕೈಗೆ ಬಂದ ಹೊಸದರಲ್ಲಿ ಅವರು ಯುರೋಪಿಗೆ ಜೇಬಿಗೆ ಕೈ ಹಾಕಿಕೊಂಡು ಹೋಗುತ್ತಿದ್ದರು. ತೋರಿಸಿದರೆ ಮುಗಿಯಿತು, ಸೀಲೂ ಇಲ್ಲ. ಬೇಕಾದರೆ ಅಲ್ಲೇ ಕೆಲಸ ಹುಡುಕಿಕೊಂಡು ಉಳಿಯಬಹುದಿತ್ತು. ಈಗ ಅವರೂ ದಿನ ಎಣಿಸಬೇಕು. 180 ದಿನಗಳಲ್ಲಿ 90 ದಿನ ಮಾತ್ರ, ಅದೂ 29 ದೇಶ ಸೇರಿಸಿ. ಒಳಗೆ ಹೋದ ದಿನ, ಹೊರಗೆ ಬಂದ ದಿನ ಎರಡೂ ಲೆಕ್ಕಕ್ಕೆ. ಈ 180 ದಿನ ಎಂಬುದು ಜನವರಿಗೆ ಶುರುವಾಗಿ ಜೂನಿಗೆ ಮುಗಿಯುವ ಲೆಕ್ಕ ಅಲ್ಲ. ಯಾವ ದಿನ ಅಲ್ಲಿದ್ದೀರೋ ಆ ದಿನದಿಂದ ಹಿಂದಕ್ಕೆ 180 ಎಣಿಸಬೇಕು. ಜನವರಿ 1ರಿಂದ ಮಾರ್ಚ್ 31ರವರೆಗೆ ಸ್ಪೇನಿನಲ್ಲಿ ಇದ್ದುಬಿಟ್ಟರೆ ಜೂನ್ ಕೊನೆಯವರೆಗೆ ಇಟಲಿಗೂ ಹೋಗುವಂತಿಲ್ಲ.

ನಮಗೆ ಇದೇನೂ ದೊಡ್ಡ ಕಷ್ಟವಲ್ಲ, ರಜೆಯೇ ಅಷ್ಟು ಸಿಗುವುದಿಲ್ಲ. ನಿಜವಾಗಿ ಪೆಟ್ಟು ಬಿದ್ದಿದ್ದು ನಿವೃತ್ತರಾದ ಇಂಗ್ಲಿಷರಿಗೆ. ಚಳಿಗಾಲ ಕಳೆಯಲೆಂದು ಸ್ಪೇನಿನಲ್ಲಿ ಸಣ್ಣ ಮನೆ ಕೊಂಡವರು ಇಲ್ಲಿ ಬೇಕಾದಷ್ಟು ಜನ ಇದ್ದಾರೆ. ನಮ್ಮ ಬೀದಿಯಲ್ಲೇ ಒಬ್ಬ ಅಜ್ಜ ಇದ್ದಾರೆ. ಅಡುಗೆಮನೆಯ ಕ್ಯಾಲೆಂಡರಿನಲ್ಲಿ ದಿನಗಳಿಗೆ ಕೆಂಪು ಗುರುತು ಹಾಕಿಕೊಂಡು ನನ್ನ ಹತ್ತಿರ ಲೆಕ್ಕ ಸರಿ ಇದೆಯಾ ಎಂದು ಕೇಳುತ್ತಾರೆ. ವೀಸಾ ಲೆಕ್ಕ ಅಂದರೆ ಭಾರತೀಯರನ್ನು ಕೇಳಬೇಕು ಎಂಬುದು ಅವರ ನಂಬಿಕೆ. ಆ ನಂಬಿಕೆಗೆ ಕಾರಣ ಇಲ್ಲದೆ ಇಲ್ಲ ಬಿಡಿ. ಬ್ರೆಕ್ಸಿಟ್ ಅವರ ಪಾಸ್‌ಪೋರ್ಟನ್ನು ನಮ್ಮದರ ಕಡೆಗೆ ಸ್ವಲ್ಪ ಸರಿಸಿತು ಅಷ್ಟೇ. ಅವರಿಗೆ ಅದು ಅವಮಾನದ ಹಾಗೆ ಕಾಣುತ್ತದೆ. ನಮಗೆ ಅಭ್ಯಾಸ.

ವಿಮಾನ ನಿಲ್ದಾಣದಲ್ಲಿ ಹೆಚ್ಚು ಜನ ಸಿಕ್ಕಿಬೀಳುವುದು ಇನ್ನೊಂದು ನಿಯಮದಲ್ಲಿ. ಯುರೋಪಿಗೆ ಕಾಲಿಡುವ ದಿನಕ್ಕೆ ಪಾಸ್‌ಪೋರ್ಟ್ ಕೊಟ್ಟು ಹತ್ತು ವರ್ಷ ಆಗಿರಬಾರದು. ವಾಪಸ್ ಹೊರಡುವ ದಿನದಿಂದ ಮುಂದೆ ಮೂರು ತಿಂಗಳಾದರೂ ಅವಧಿ ಉಳಿದಿರಬೇಕು. ಇದರಲ್ಲೇನು ಗೊಂದಲ ಅನ್ನಿಸಬಹುದು. 2018ರ ಸೆಪ್ಟೆಂಬರಿಗೆ ಮೊದಲು, ಅವಧಿ ಮುಗಿಯುವ ಮುಂಚೆಯೇ ನವೀಕರಿಸಿದರೆ ಬ್ರಿಟನ್ನಿನವರು ಉಳಿದ ತಿಂಗಳುಗಳನ್ನು ಹೊಸದಕ್ಕೆ ಸೇರಿಸಿಕೊಡುತ್ತಿದ್ದರು, ಒಂಬತ್ತು ತಿಂಗಳವರೆಗೂ. ಅಂಥ ಪಾಸ್‌ಪೋರ್ಟಿನ ಮೇಲೆ ಅವಧಿ ಇನ್ನೂ ಇದೆ ಎಂದು ಬರೆದಿರುತ್ತದೆ, ಆದರೆ ಯುರೋಪಿನ ಲೆಕ್ಕದಲ್ಲಿ ಅದು ಮುಗಿದ ಪಾಸ್‌ಪೋರ್ಟು. ಬ್ಯಾಗು, ಮಕ್ಕಳ ಸಮೇತ ಬಂದು ಕೌಂಟರಿನಿಂದಲೇ ಮನೆಗೆ ಹಿಂತಿರುಗಿದವರು ಇದ್ದಾರೆ.

ಗಡಿ ಎಲ್ಲಿದೆ ಎಂಬುದೂ ತಮಾಷೆಯೇ. ಲಂಡನ್ನಿನ ಸೇಂಟ್ ಪ್ಯಾಂಕ್ರಾಸ್ ಸ್ಟೇಷನ್ನಿನಲ್ಲಿ ಯೂರೋಸ್ಟಾರ್ ರೈಲು ಹತ್ತುವ ಮೊದಲೇ ಫ್ರಾನ್ಸಿನ ಪೊಲೀಸರು ಕೂತಿರುತ್ತಾರೆ. ಡೋವರ್ ಬಂದರಿನಲ್ಲೂ ಹಾಗೆಯೇ. ಅತ್ತ ಕಡೆ ಕ್ಯಾಲೆಯಲ್ಲಿ, ಪ್ಯಾರಿಸ್ ಸ್ಟೇಷನ್ನಿನಲ್ಲಿ ಬ್ರಿಟನ್ನಿನ ಅಧಿಕಾರಿಗಳು. ಎರಡೂ ದೇಶಗಳ ಹಳೆಯ ಒಪ್ಪಂದ ಇದು. ಕೇಳಲು ಚಂದ. ಆದರೆ ಡೋವರಿನಲ್ಲಿ ಜಾಗ ಕಡಿಮೆ, ಒಂದು ಕಡೆ ಬಂಡೆ, ಇನ್ನೊಂದು ಕಡೆ ಕಡಲು. ಮೊದಲು ಬಸ್ಸಿನ ಬ್ರಿಟಿಷರ ಪಾಸ್‌ಪೋರ್ಟ್ ನೋಡಿ ಕೈ ಬೀಸಿದರೆ ಆಗುತ್ತಿತ್ತು. ಆಮೇಲೆ ಒಬ್ಬೊಬ್ಬರದಕ್ಕೂ ಸೀಲು ಹಾಕಬೇಕಾಯಿತು. 2023ರ ಈಸ್ಟರ್ ರಜೆ ಹೊತ್ತಿಗೆ ಶಾಲಾ ಮಕ್ಕಳ ಬಸ್ಸುಗಳು ಅಲ್ಲಿ ರಾತ್ರಿಯಿಡೀ ನಿಂತಿದ್ದವು.

ಶಾಲೆ ಅಂದ ಮೇಲೆ ನೆನಪಾಯಿತು. ಬ್ರಿಟನ್ ಒಕ್ಕೂಟದಲ್ಲಿದ್ದಾಗ, ಇಲ್ಲಿ ಓದುವ ಭಾರತೀಯ ಮಕ್ಕಳ ಹೆಸರನ್ನು ಶಾಲೆಯವರು ಒಂದು ಪಟ್ಟಿಯಲ್ಲಿ ಸೇರಿಸಿದರೆ ಸಾಕಿತ್ತು, ಮಕ್ಕಳು ಗುಂಪಿನ ಜೊತೆ ವೀಸಾ ಇಲ್ಲದೆ ಹೋಗಿಬರುತ್ತಿದ್ದರು. ಆ ಏರ್ಪಾಡು ಹೋಯಿತು. ಗೆಳತಿಯ ಮಗಳ ತರಗತಿಯೆಲ್ಲ ಫ್ರಾನ್ಸಿಗೆ ಹೊರಟಾಗ, ವೀಸಾ ಕೇಂದ್ರಕ್ಕೆ ಅಲೆದದ್ದು ಅವಳ ಅಮ್ಮ ಮಾತ್ರ.

ಸೀಲು ಹಾಕುವ ಕಾಲವೂ ಮುಗಿಯುತ್ತಿದೆ. 2025ರ ಅಕ್ಟೋಬರ್ 12ರಿಂದ ಯುರೋಪಿನ ಗಡಿಗಳಲ್ಲಿ ಹೊಸ ಕಂಪ್ಯೂಟರ್ ವ್ಯವಸ್ಥೆ ಶುರುವಾಯಿತು, ಇ.ಇ.ಎಸ್. ಅನ್ನುತ್ತಾರೆ. ಹಂತ ಹಂತವಾಗಿ ತಂದು 2026ರ ಏಪ್ರಿಲ್ 10ಕ್ಕೆ ಪೂರ್ತಿ ಜಾರಿ ಎಂದು ದಿನ ಗೊತ್ತು ಮಾಡಿದರು. ಮೊದಲ ಸಲ ಹೋಗುವಾಗ ಮುಖದ ಫೋಟೋ, ಬೆರಳಚ್ಚು ಕೊಡಬೇಕು. ಹನ್ನೆರಡು ವರ್ಷದೊಳಗಿನ ಮಕ್ಕಳಿಗೆ ಬೆರಳಚ್ಚು ಇಲ್ಲ. ದುಡ್ಡೇನೂ ಇಲ್ಲ, ದಾಖಲೆ ಮೂರು ವರ್ಷ ಇರುತ್ತದೆ. ದಿನ ಎಣಿಸುವ ಕೆಲಸವನ್ನು ಇನ್ನು ಯಂತ್ರವೇ ಮಾಡುತ್ತದೆ. ಸೀಲು ಅಳಿಸಿದೆ, ಕಾಣಿಸುತ್ತಿಲ್ಲ ಎಂಬ ನೆಪ ನಡೆಯುವುದಿಲ್ಲ. ನನ್ನ ಬೆರಳಚ್ಚು ವೀಸಾ ಕೊಡುವಾಗಲೇ ಅವರ ಹತ್ತಿರ ಸೇರಿರುತ್ತದೆ, ಹಾಗಾಗಿ ಇಲ್ಲಿ ನನಗೆ ಫೋಟೋ ಒಂದೇ. ಬೆರಳು ಒತ್ತಬೇಕಾದವರು ಬ್ರಿಟಿಷ್ ಪ್ರಜೆಗಳು. ಸಾಲಿನಲ್ಲಿ ನಿಂತ ಇಂಗ್ಲಿಷರು, “ನಾವೇನು ಕಳ್ಳರಾ?” ಎಂದು ಗೊಣಗುವುದು ಕೇಳಿಸುತ್ತದೆ. ಇವರ ದೇಶದ ವೀಸಾಕ್ಕೆ ನಾವು ಹತ್ತೂ ಬೆರಳು ಒತ್ತಿಯೇ ಬಂದೆವು ಎಂದು ಹೇಳಬೇಕು ಅನ್ನಿಸುತ್ತದೆ. ಹೇಳುವುದಿಲ್ಲ.

ಈಗ ಬುತ್ತಿಯ ವಿಷಯ. ನಮ್ಮವರಿಗೆ ಎಲ್ಲಕ್ಕಿಂತ ಮುಖ್ಯವಾದದ್ದು ಇದೇ. ಬ್ರಿಟನ್ ಹೊರಗಿನ ದೇಶ ಆದಮೇಲೆ ಇಲ್ಲಿಂದ ಯುರೋಪಿಗೆ ಮಾಂಸ, ಹಾಲು, ಹಾಲಿನ ಪದಾರ್ಥ ಒಯ್ಯುವಂತಿಲ್ಲ. 2021ರ ಜನವರಿಯಲ್ಲೇ ಹಾಲೆಂಡಿನ ಬಂದರಿನಲ್ಲಿ ಅಧಿಕಾರಿಗಳು ಚಾಲಕರೊಬ್ಬರ ಹ್ಯಾಮ್ ಸ್ಯಾಂಡ್‌ವಿಚ್ ಕಿತ್ತುಕೊಂಡ ದೃಶ್ಯ ಟಿವಿಯಲ್ಲಿ ಬಂದು ಊರೆಲ್ಲ ನಗಾಡಿತ್ತು. ಮಾಂಸ ತಿನ್ನದ ನನಗೆ ಇದು ಸಂಬಂಧವಿಲ್ಲ ಅಂದುಕೊಳ್ಳುವ ಹಾಗಿಲ್ಲ. ತುಪ್ಪ, ಪನ್ನೀರು, ಮೊಸರು ಎಲ್ಲವೂ ಅದೇ ಪಟ್ಟಿಯಲ್ಲಿವೆ. ಅಂದರೆ ಪ್ರಯಾಣಕ್ಕೆ ಮೊಸರನ್ನ ಕಟ್ಟುವಂತಿಲ್ಲ! ಹಾಗಾಗಿ ನಾನು ಪುಳಿಯೋಗರೆ ಮಾಡುತ್ತೇನೆ, ಚಪಾತಿಗೆ ಎಣ್ಣೆ ಸವರುತ್ತೇನೆ. ಬಿಸ್ಕೆಟ್, ಕೇಕ್, ಚಾಕೊಲೇಟಿಗೆ ತೊಂದರೆ ಇಲ್ಲ. ಚಟ್ನಿಪುಡಿ, ಸಾರಿನ ಪುಡಿಗೂ ಇಲ್ಲ.

ಹಣ್ಣು ತರಕಾರಿಯದು ಇನ್ನೂ ವಿಚಿತ್ರ. ಸರ್ಟಿಫಿಕೇಟ್ ಇಲ್ಲದೆ ಒಯ್ಯಬಹುದಾದ ಹಣ್ಣುಗಳು ಐದೇ: ಬಾಳೆಹಣ್ಣು, ತೆಂಗಿನಕಾಯಿ, ಅನಾನಸ್, ಖರ್ಜೂರ, ಮತ್ತೆ ಡ್ಯೂರಿಯನ್ ಎಂಬ ನಾರುವ ಹಣ್ಣು. ಮೊದಲ ಎರಡನ್ನು ನೋಡಿದರೆ ಯಾರೋ ನಮ್ಮ ಕಡೆಯವರೇ ಪಟ್ಟಿ ಬರೆದಿರಬೇಕು ಅನ್ನಿಸುತ್ತದೆ. ಸತ್ಯನಾರಾಯಣ ಪೂಜೆಗೆ ಅರ್ಧ ಸಾಮಾನು ಆಯಿತು. ಆದರೆ ಕರಿಬೇವು ಇಲ್ಲ, ಹಸಿಮೆಣಸಿನಕಾಯಿ ಇಲ್ಲ, ಮಾವಿನ ಹಣ್ಣೂ ಇಲ್ಲ. ಜರ್ಮನಿಯಲ್ಲಿರುವ ಅಣ್ಣನ ಮನೆಗೆ ಲಂಡನ್ನಿನಿಂದ ಕರಿಬೇವು ಒಯ್ಯುವ ಪದ್ಧತಿ ಅಲ್ಲಿಗೆ ನಿಂತಿತು. ಎಲ್ಲರ ಚೀಲ ತೆಗೆಸಿ ನೋಡುವುದಿಲ್ಲ ನಿಜ, ಆದರೆ ಒಂದು ಕಂತೆ ಸೊಪ್ಪಿಗಾಗಿ ಬೇರೆ ದೇಶದ ಕಸ್ಟಮ್ಸ್ ಮುಂದೆ ನಿಂತು ಮಾತಾಡುವ ಧೈರ್ಯ ನನಗಿಲ್ಲ.

ಬರುವಾಗಲೂ ಕಷ್ಟ ತಪ್ಪಿದ್ದಲ್ಲ. ಜರ್ಮನಿ, ಹಂಗೇರಿ, ಸ್ಲೊವಾಕಿಯಾಗಳಲ್ಲಿ ದನಗಳಿಗೆ ಕಾಲುಬಾಯಿ ರೋಗ ಬಂದದ್ದರಿಂದ 2025ರ ಏಪ್ರಿಲ್ 12ರಿಂದ ಬ್ರಿಟನ್ ತಾನೂ ಬಾಗಿಲು ಹಾಕಿತು. ಒಕ್ಕೂಟದಿಂದ ಮನೆಬಳಕೆಗೆ ಚೀಸ್, ಬೆಣ್ಣೆ ತರುವಂತಿಲ್ಲ. ಪ್ಯಾರಿಸ್ಸಿಗೆ ಹೋಗಿ ಚೀಸ್ ತರದೆ ಬಂದರೆ ಮನೆಯವರ ಆಫೀಸಿನಲ್ಲಿ ಮುಖ ಸಣ್ಣ ಮಾಡುತ್ತಾರೆ.

ವಾಪಸ್ ಬರುವಾಗ ನಾವಿಬ್ಬರೂ ಬೇರೆಬೇರೆ ಸಾಲು. ಬ್ರಿಟಿಷ್ ಪಾಸ್‌ಪೋರ್ಟಿನವರು ಯಂತ್ರದ ಗೇಟಿನಲ್ಲಿ ಹೊರಟುಹೋಗುತ್ತಾರೆ. ಫ್ರೆಂಚರು, ಜರ್ಮನ್ನರೂ ಅದೇ ಗೇಟು ಬಳಸಬಹುದು. ಭಾರತದ ಪಾಸ್‌ಪೋರ್ಟಿಗೆ ಅಧಿಕಾರಿಯೇ ಬೇಕು. ಪ್ಲಾಸ್ಟಿಕ್ ವಾಸದ ಕಾರ್ಡುಗಳ ಅವಧಿ 2024ರ ಕೊನೆಗೆ ಮುಗಿಸಿ, ಎಲ್ಲವನ್ನೂ ಆನ್‌ಲೈನ್ ಇ-ವೀಸಾ ಮಾಡಿದ್ದಾರೆ. ಟಿಕೆಟ್ ನೋಡುವವರಿಗೆ ಕೆಲವೊಮ್ಮೆ ಇದು ತಿಳಿದಿರುವುದಿಲ್ಲ, “ಕಾರ್ಡ್ ಎಲ್ಲಿ?” ಅನ್ನುತ್ತಾರೆ. ಮೊಬೈಲಿನಲ್ಲಿ ಚಾರ್ಜ್ ಇಟ್ಟುಕೊಂಡಿರಿ. ಬ್ರೆಕ್ಸಿಟ್ ಆದಮೇಲೆ ಕೆಲವು ಕಂಪನಿಗಳು ಯುರೋಪಿನಲ್ಲಿ ರೋಮಿಂಗ್ ದುಡ್ಡನ್ನೂ ಮತ್ತೆ ಹಾಕುತ್ತಿವೆ, ಅದನ್ನೂ ನೋಡಿಕೊಳ್ಳಿ.

ಮುಂದೆ ಬರಲಿರುವುದು ಎಟಿಯಾಸ್. ವೀಸಾ ಬೇಡದ ದೇಶಗಳವರು ಹೊರಡುವ ಮೊದಲು ಆನ್‌ಲೈನಿನಲ್ಲಿ ಅರ್ಜಿ ತುಂಬಿ ಅನುಮತಿ ಪಡೆಯಬೇಕು. ಫೀಸು 20 ಯೂರೋ, 18 ತುಂಬದವರಿಗೂ 70 ದಾಟಿದವರಿಗೂ ಫೀಸಿಲ್ಲ. ಸಿಕ್ಕರೆ ಮೂರು ವರ್ಷ ನಡೆಯುತ್ತದೆ. 2026ರ ಕೊನೆಯ ಮೂರು ತಿಂಗಳಲ್ಲಿ ಶುರು ಮಾಡುವುದಾಗಿ ಒಕ್ಕೂಟ ಹೇಳಿದೆ. ವೀಸಾ ಇರುವವರಿಗೆ ಇದು ಬೇಕಿಲ್ಲ. ಯುರೋಪಿಗೆ ಹೋಗಲು ಮನೆಯವರು ತುಂಬಿ, ನಾನು ತುಂಬದೇ ಇರುವ ಮೊದಲ ಅರ್ಜಿ ಇದೇ ಆಗಲಿದೆ.